ಅಂಬಲಿ, ಕೊಂಬುಚಾ ಮತ್ತು ಎಂಟು ದಿನಗಳ ಮುಟ್ಟು

ಪ್ರಶ್ನೆ: ನನಗೆ 38 ವರ್ಷ, ದಾವಣಗೆರೆಯಲ್ಲಿ ಶಿಕ್ಷಕಿಯಾಗಿದ್ದೇನೆ. ಚಹಾ ಬಿಟ್ಟು, ಮೂರು ತಿಂಗಳಿಂದ ಮನೆಯಲ್ಲೇ ಕೊಂಬುಚಾ ತಯಾರಿಸಿ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದೇನೆ. ಹುದುಗಿಸಿದ ಪಾನೀಯಗಳು ಹಾರ್ಮೋನುಗಳನ್ನು ಹದಕ್ಕೆ ತಂದು ಮುಟ್ಟಿನ ತೊಂದರೆ ಕಳೆಯುತ್ತವೆ ಎಂದು ಓದಿದ್ದೆ. ಎರಡು ವರ್ಷಗಳಿಂದ ನನಗೆ ಎಂಟು ದಿನ ಸ್ರಾವವಾಗುತ್ತದೆ, ಹೆಪ್ಪುಗಳೂ ಬೀಳುತ್ತವೆ, ಮೆಟ್ಟಿಲು ಹತ್ತಿದರೆ ಏದುಸಿರು. 15 ವರ್ಷದ ಮಗಳು ಪ್ರತಿ ತಿಂಗಳೂ ಹೊಟ್ಟೆನೋವಿನಿಂದ ಎರಡು ದಿನ ಶಾಲೆ ತಪ್ಪಿಸುತ್ತಾಳೆ. ಅತ್ತೆಯವರು ‘ರಾಗಿ ಅಂಬಲಿ ಕುಡಿಯಿರಿ, ಅದೇ ಔಷಧ’ ಎನ್ನುತ್ತಾರೆ. ತಾಯಿ ಅಶೋಕಾರಿಷ್ಟದ ಬಾಟಲಿ ಕಳಿಸಿದ್ದಾರೆ. ಮಾತ್ರೆಗಳ ದಾರಿ ನನಗೆ ಇಷ್ಟವಿಲ್ಲ. ಯಾವ ಪಾನೀಯ ಒಳ್ಳೆಯದು, ಹೇಗೆ ಮಾಡಬೇಕು? ಮುಟ್ಟಿನ ದಿನಗಳಲ್ಲಿ ಭರಣಿ ಮುಟ್ಟಿದರೆ ಹುದುಗು ಕೆಡುತ್ತದೆಯೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವು ಪಾನೀಯದ ಕುರಿತಾಗಿವೆ. ನನ್ನ ಕಣ್ಣು ನಿಂತದ್ದು ಮಾತ್ರ ‘ಮೆಟ್ಟಿಲು ಹತ್ತಿದರೆ ಏದುಸಿರು’ ಎಂಬ ಮೂರು ಪದಗಳ ಮೇಲೆ. ಅಲ್ಲಿಂದಲೇ ಶುರುಮಾಡುತ್ತೇನೆ. ಅಂಬಲಿಯ ವಿಷಯಕ್ಕೆ ಖಂಡಿತ ಬರುತ್ತೇನೆ. ಅದು ನನಗೂ ಪ್ರೀತಿಯ ವಿಷಯ.

ಆರೋಗ್ಯವಂತ ಮಹಿಳೆ ಒಂದು ಮುಟ್ಟಿನಲ್ಲಿ ಕಳೆದುಕೊಳ್ಳುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 80 ಮಿಲಿಲೀಟರ್ ದಾಟಿದರೆ ಅದು ಅತಿಸ್ರಾವ. ಮನೆಯಲ್ಲಿ ಯಾರೂ ಅಳತೆ ಪಾತ್ರೆ ಹಿಡಿದು ಕೂರುವುದಿಲ್ಲ, ಆದ್ದರಿಂದ ಬೇರೆ ಗುರುತುಗಳನ್ನು ನೋಡಬೇಕು. ಒಂದೆರಡು ಗಂಟೆಗೊಮ್ಮೆ ಪ್ಯಾಡ್ ಪೂರ್ತಿ ನೆನೆಯುತ್ತದೆಯೇ? ಬದಲಿಸಲೆಂದೇ ರಾತ್ರಿ ಎದ್ದೇಳಬೇಕಾಗುತ್ತದೆಯೇ? ತರಗತಿಯಲ್ಲಿ ನಿಂತಾಗ ಭಯವಾಗಿ ಎರಡು ಪ್ಯಾಡ್ ಒಟ್ಟಿಗೆ ಇಟ್ಟುಕೊಳ್ಳುತ್ತೀರಾ? ಬೀಳುವ ಹೆಪ್ಪು ಹತ್ತು ರೂಪಾಯಿ ನಾಣ್ಯದಷ್ಟು ದೊಡ್ಡದಿದೆಯೇ? ಇವುಗಳಲ್ಲಿ ಒಂದಕ್ಕೆ ‘ಹೌದು’ ಎಂದಾದರೂ ನಿಮ್ಮದು ಅತಿಸ್ರಾವವೆಂದೇ ತಿಳಿಯಬೇಕು. ಮುಟ್ಟಿನ ಕಪ್ ಬಳಸುವವರಿಗೆ ಒಂದು ಅನುಕೂಲವಿದೆ: ಹಲವು ಕಪ್‌ಗಳ ಮೇಲೆ ಮಿಲಿಲೀಟರಿನ ಗೆರೆಗಳೇ ಇರುತ್ತವೆ, ಬರೆದಿಟ್ಟುಕೊಂಡರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಮಾಹಿತಿ ಸಿಗುವುದಿಲ್ಲ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ, ಏಕೆಂದರೆ ನಿಮ್ಮ ಮುಖ್ಯ ಪ್ರಶ್ನೆಯ ಉತ್ತರ ಅದರಲ್ಲಿದೆ. 80 ಮಿಲಿಲೀಟರ್ ರಕ್ತದ ಜೊತೆ ದೇಹದಿಂದ ಹೊರಹೋಗುವ ಕಬ್ಬಿಣ ಸುಮಾರು 35 ಮಿಲಿಗ್ರಾಂ. ತಿಂಗಳಿಗೆ ಹಂಚಿದರೆ ದಿನಕ್ಕೆ 1.2 ಮಿಲಿಗ್ರಾಂ. ಬೆವರು, ಚರ್ಮ, ಕರುಳಿನ ಮೂಲಕ ಎಲ್ಲರೂ ದಿನವೂ ಕಳೆದುಕೊಳ್ಳುವ ಕಬ್ಬಿಣದ ಮೇಲೆ ಇದು ಹೆಚ್ಚುವರಿ ಖರ್ಚು. ಒಂದು ದೊಡ್ಡ ಲೋಟ ಅಂಬಲಿಗೆ 30 ಗ್ರಾಂ ರಾಗಿಹಿಟ್ಟು ಬೇಕು. ಅದರಲ್ಲಿರುವ ಕಬ್ಬಿಣ 1.4 ಮಿಲಿಗ್ರಾಂ ಆಸುಪಾಸು. ಆದರೆ ಧಾನ್ಯದ ಕಬ್ಬಿಣವನ್ನು ನಮ್ಮ ಕರುಳು ಹೀರಿಕೊಳ್ಳುವುದು ನೂರಕ್ಕೆ ಐದರಷ್ಟು ಎಂದಿಟ್ಟುಕೊಳ್ಳಿ. ಅಂದರೆ ಮೈಗೆ ಹತ್ತುವುದು 0.07 ಮಿಲಿಗ್ರಾಂ. ಹುಳಿ ಬರಿಸಿದ್ದರಿಂದ ಹೀರಿಕೆ ಎರಡು ಪಟ್ಟಾಯಿತು ಎಂದುಕೊಂಡರೂ 0.14. ಖರ್ಚು 1.2, ವರಮಾನ 0.14. ಎರಡು ವರ್ಷ ಈ ಸಂಸಾರ ಹೀಗೇ ನಡೆದರೆ ಮೊದಲು ಕೂಡಿಟ್ಟ ಕಬ್ಬಿಣ ಬರಿದಾಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ, ಕೊನೆಗೆ ಮೆಟ್ಟಿಲು ಹತ್ತುವಾಗ ಉಸಿರು ಸಾಲುವುದಿಲ್ಲ. ಅತ್ತೆಯವರ ಅಂಬಲಿ ಒಳ್ಳೆಯ ಆಹಾರ. ತೂತು ಬಿದ್ದ ಕೊಡವನ್ನು ಮಾತ್ರ ಅದು ತುಂಬಿಸಲಾರದು.

ಗರ್ಭಿಣಿಯಲ್ಲದ ಮಹಿಳೆಯಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ಶೇ 47.8 ಮಂದಿ ರಕ್ತಹೀನರು, ದೇಶದಲ್ಲಿ ಶೇ 57. ಇಷ್ಟು ಮಂದಿಗೆ ಇದ್ದಾಗ ಸುಸ್ತು ಎನ್ನುವುದು ಹೆಣ್ಣುಜನ್ಮದ ಸಹಜ ಗುಣವೆಂಬಂತೆ ತೋರತೊಡಗುತ್ತದೆ. ‘ನಮ್ಮಮ್ಮನಿಗೂ ಹೀಗೇ ಇತ್ತು’ ಎಂಬ ಮಾತನ್ನು ನನ್ನ ಕೊಠಡಿಯಲ್ಲಿ ಕೇಳದ ದಿನವಿಲ್ಲ. ಅಮ್ಮನಿಗೂ ಇತ್ತು, ನಿಜ. ಅವರಿಗೂ ಯಾರೂ ರಕ್ತ ಪರೀಕ್ಷೆ ಮಾಡಿಸಿರಲಿಲ್ಲ.

ಹಾಗಾಗಿ ಈ ವಾರವೇ ಮಾಡಿಸಬೇಕಾದದ್ದು: ಸಂಪೂರ್ಣ ರಕ್ತಕಣ ಎಣಿಕೆ, ಫೆರಿಟಿನ್, ಥೈರಾಯ್ಡ್‌ನ ಟಿಎಸ್‌ಎಚ್, ಒಂದು ಗರ್ಭಧಾರಣೆ ಪರೀಕ್ಷೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್. ಫೆರಿಟಿನ್ ಅನ್ನು ಬಿಡಬೇಡಿ. ಅದು ಕೂಡಿಟ್ಟ ಕಬ್ಬಿಣದ ಅಳತೆ. ಹಿಮೋಗ್ಲೋಬಿನ್ ಇನ್ನೂ 12ರ ಮೇಲಿದ್ದಾಗಲೇ ಇದು ಕುಸಿದು, ಕೂದಲು ಉದುರುವಿಕೆ, ನಿದ್ದೆಗೇಡು, ಏದುಸಿರಿಗೆ ಕಾರಣವಾಗಬಹುದು. 38ರ ವಯಸ್ಸಿನಲ್ಲಿ ಸ್ರಾವ ಹೊಸದಾಗಿ ಹೆಚ್ಚಾಗಿದ್ದರೆ ಗರ್ಭಕೋಶದ ನಾರುಗಡ್ಡೆ, ಅಡಿನೋಮಯೋಸಿಸ್ (ಗರ್ಭಕೋಶದ ಒಳಪದರ ಅದರ ಸ್ನಾಯುವಿನೊಳಗೇ ಬೆಳೆಯುವುದು), ಒಳಪದರದ ಪಾಲಿಪ್ ಎಂಬ ಸಣ್ಣ ಗಂಟು, ಥೈರಾಯ್ಡ್ ಕೊರತೆ, ಕಾಪರ್-ಟಿ ಇವುಗಳಲ್ಲಿ ಒಂದಿರುವ ಸಂಭವ ಹೆಚ್ಚು. ನಾರುಗಡ್ಡೆಯನ್ನು ಯಾವ ಪಾನೀಯವೂ ಕರಗಿಸುವುದಿಲ್ಲ. ಹಾಗೆಂದು ಭಯ ಬೇಡ. ಸ್ರಾವದ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವ ಟ್ರಾನೆಕ್ಸಾಮಿಕ್ ಆಮ್ಲದ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನಿನ ಸಾಧನವಿದೆ. ಎರಡೂ ಸ್ರಾವವನ್ನು ಚೆನ್ನಾಗಿ ತಗ್ಗಿಸುತ್ತವೆ. ಮೊದಲ ಭೇಟಿಯಲ್ಲೇ ಯಾರಾದರೂ ‘ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ’ ಎಂದರೆ ಅಲ್ಲಿಂದ ಎದ್ದು ಬಂದು ಮತ್ತೊಬ್ಬರ ಅಭಿಪ್ರಾಯ ಪಡೆಯಿರಿ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟೇ 2023ರಲ್ಲಿ ನಿರ್ದೇಶನ ನೀಡಬೇಕಾಯಿತು. ಪರಿಸ್ಥಿತಿ ಅಷ್ಟು ಕೆಟ್ಟಿತ್ತು ಎಂಬುದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈಗ ಭರಣಿಗಳ ಕಡೆಗೆ ಬರೋಣ.

ಕೊಂಬುಚಾ ಎಂದರೆ ಸಿಹಿ ಚಹಾವನ್ನು ಯೀಸ್ಟ್ ಮತ್ತು ಬ್ಯಾಕ್ಟೀರಿಯಾಗಳ ಒಂದು ಕೂಟಕ್ಕೆ ಉಣಿಸುವುದು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಅನಿಲವಾಗಿ ಒಡೆಯುತ್ತದೆ. ಬ್ಯಾಕ್ಟೀರಿಯಾಗಳು ಆ ಆಲ್ಕೋಹಾಲನ್ನು ವಿನೆಗರಿನ ಹುಳಿಯಾಗಿ ಬದಲಿಸುತ್ತವೆ. ಮೇಲೆ ತೇಲುವ ಆ ದಪ್ಪ ಕೆನೆಯಂತಹ ಹಾಸು ಅವು ನೇಯ್ದ ಸೆಲ್ಯುಲೋಸ್. ನೋಡಲು ಚೆಂದದ ಕೆಲಸ, ಒಪ್ಪುತ್ತೇನೆ. ಆದರೆ ಅದು ಹಾರ್ಮೋನುಗಳನ್ನು ಹದಕ್ಕೆ ತರುತ್ತದೆ, ಅಂಡಾಶಯದ ನೀರ್ಗುಳ್ಳೆ ಕಳೆಯುತ್ತದೆ, ಯಕೃತ್ತನ್ನು ತೊಳೆಯುತ್ತದೆ ಎಂಬುದಕ್ಕೆ ಮನುಷ್ಯರ ಮೇಲೆ ನಡೆದ ನಂಬಲರ್ಹ ಪ್ರಯೋಗಗಳ ಆಧಾರವಿಲ್ಲ. ಕರುಳಿನ ಕೆಲವು ಬ್ಯಾಕ್ಟೀರಿಯಾಗಳು ಈಸ್ಟ್ರೋಜನ್ ಮತ್ತೆ ರಕ್ತಕ್ಕೆ ಸೇರುವಂತೆ ಮಾಡಬಲ್ಲವು ಎಂಬುದು ನಿಜ, ಅದರ ಸಂಶೋಧನೆಯೂ ನಡೆಯುತ್ತಿದೆ. ಅಲ್ಲಿಂದ ‘ದಿನಕ್ಕೆ ಎರಡು ಲೋಟ ಕುಡಿದರೆ ಮುಟ್ಟು ಸರಿಯಾಗುತ್ತದೆ’ ಎಂಬಲ್ಲಿಗೆ ಹಾರುವುದು ಸೇತುವೆಯಿಲ್ಲದ ಹೊಳೆ ದಾಟುವ ಕೆಲಸ.

ಇನ್ನೊಂದು ಮಾತು ನಿಮಗೆ ನೇರವಾಗಿ ಹೇಳಬೇಕು. ಚಹಾ ಬಿಟ್ಟೆ ಎಂದು ಬರೆದಿದ್ದೀರಿ. ಬಿಟ್ಟಿಲ್ಲ, ಹುಳಿ ಬರಿಸಿ ಕುಡಿಯುತ್ತಿದ್ದೀರಿ. ಚಹಾದ ಒಗರು, ಅಂದರೆ ಟ್ಯಾನಿನ್ ಮೊದಲಾದ ಪದಾರ್ಥಗಳು, ಊಟದ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟದ ಜೊತೆ ಕುಡಿದ ಒಂದು ಲೋಟ ಚಹಾ ಧಾನ್ಯ, ಸೊಪ್ಪುಗಳ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಕೆಳಗಿಳಿಸಬಲ್ಲದು. ಹುದುಗಿದರೂ ಈ ಒಗರು ಪೂರ್ತಿ ಹೋಗುವುದಿಲ್ಲ. ರಕ್ತಹೀನತೆಯ ಅನುಮಾನವಿರುವ ನೀವು ಅದನ್ನು ಊಟ ತಿಂಡಿಯ ಜೊತೆ ಕುಡಿಯುತ್ತಿದ್ದರೆ, ಇಂದೇ ನಿಲ್ಲಿಸಿ.

ರುಚಿಗಾಗಿ ಕುಡಿಯುವುದಾದರೆ ಊಟಕ್ಕೂ ಅದಕ್ಕೂ ಎರಡು ಗಂಟೆ ಅಂತರವಿರಲಿ, ದಿನಕ್ಕೆ ಅರ್ಧ ಲೋಟ, ಅಂದರೆ ನೂರು ಚಿಲ್ಲರೆ ಮಿಲಿಲೀಟರ್ ಸಾಕು. 1995ರಲ್ಲಿ ಅಮೆರಿಕದ ಅಯೋವಾ ರಾಜ್ಯದಲ್ಲಿ ಮನೆಯಲ್ಲಿ ಮಾಡಿದ ಕೊಂಬುಚಾ ಕುಡಿಯುತ್ತಿದ್ದ ಇಬ್ಬರು ಮಹಿಳೆಯರು ರಕ್ತದಲ್ಲಿ ಆಮ್ಲ ಏರಿ ಗಂಭೀರ ಸ್ಥಿತಿಗೆ ಹೋದರು, ಒಬ್ಬರು ತೀರಿಕೊಂಡರು. ಪಾನೀಯವೇ ಕಾರಣ ಎಂದು ಆಗ ಖಚಿತವಾಗಲಿಲ್ಲ, ಅಲ್ಲಿನ ರೋಗನಿಯಂತ್ರಣ ಕೇಂದ್ರ ಎಚ್ಚರಿಕೆಯನ್ನಂತೂ ನೀಡಿತು. ಲಕ್ಷಾಂತರ ಜನ ಏನೂ ಆಗದೆ ಕುಡಿಯುತ್ತಾರೆ. ಆದರೂ ಮಿತಿ ಇರಬೇಕು ಎನ್ನುವುದು ಇದಕ್ಕೆ. ಗಾಜಿನ ಭರಣಿಯಲ್ಲೇ ಮಾಡಿ. ಬಣ್ಣದ ಮೆರುಗು ಹಚ್ಚಿದ ಪಿಂಗಾಣಿಯಲ್ಲಿ ಸೀಸವಿರಬಹುದು. ಹುಳಿ ಅದನ್ನು ಎಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಒಣಗಿದ, ಹತ್ತಿಯಂತೆ ನವಿರಾದ, ಹಸಿರು ಕಪ್ಪು ಬಣ್ಣದ ಬೂಷ್ಟು ಕಂಡರೆ ಹಾಸಿನ ಸಮೇತ ಎಲ್ಲವನ್ನೂ ಚೆಲ್ಲಿ, ಬೂಷ್ಟನ್ನು ಮಾತ್ರ ಕೆರೆದು ಉಳಿಸಿಕೊಳ್ಳಬೇಡಿ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಹುದುಗು ಓಡುತ್ತದೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಅನಿಲ ತುಂಬಿ ಸಿಡಿಯಬಹುದು. ದಿನಕ್ಕೊಮ್ಮೆ ಮುಚ್ಚಳ ಸಡಿಲಿಸಿ, ಹುಳಿ ಬಂದ ಮೇಲೆ ಫ್ರಿಜ್‌ನಲ್ಲಿಡಿ. ಗರ್ಭಿಣಿಯರು, ಯಕೃತ್ತು ಅಥವಾ ಮೂತ್ರಪಿಂಡದ ಕಾಯಿಲೆಯವರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಮಕ್ಕಳು ಇದನ್ನು ಕುಡಿಯಬಾರದು. ಮನೆಯ ಕೊಂಬುಚಾದಲ್ಲಿ ಅಲ್ಪ ಪ್ರಮಾಣದ ಆಲ್ಕೋಹಾಲ್ ಇದ್ದೇ ಇರುತ್ತದೆ, ಎಷ್ಟೆಂದು ಅಳೆಯುವ ದಾರಿ ಮನೆಯಲ್ಲಿಲ್ಲ.

ಅಂಬಲಿಯ ಮಾತು ಬೇರೆ. ಅದು ನಮ್ಮ ನೆಲದ ಹುದುಗು. ಹಾಸನ, ತುಮಕೂರಿನ ಕಡೆ ರಾಗಿಯದು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಜೋಳದ ನುಚ್ಚಿನದು. ಮಾದಾರ ಚೆನ್ನಯ್ಯನ ಮನೆಯ ಅಂಬಲಿಯನ್ನು ಶಿವನೇ ಬಂದು ಉಂಡ ಎಂದು ಶರಣರ ಕಥೆ ಹೇಳುವಾಗ, ಅದು ಬಡವರ ಬಟ್ಟಲಿಗೆ ಸಲ್ಲಿಸಿದ ಗೌರವ. ಆ ಬಟ್ಟಲಿನೊಳಗೆ ನಡೆಯುವ ರಸಾಯನವೂ ಗೌರವಕ್ಕೆ ಅರ್ಹವಾದದ್ದೇ. ರಾಗಿಯಲ್ಲಿ ಫೈಟಿಕ್ ಆಮ್ಲವಿದೆ. ಅದು ಕಬ್ಬಿಣ, ಸತು, ಸುಣ್ಣವನ್ನು (ಅಂದರೆ ಕ್ಯಾಲ್ಸಿಯಂ) ಹಿಡಿದಿಟ್ಟುಕೊಂಡು ಕರುಳಿಗೆ ಸಿಗದಂತೆ ಮಾಡುತ್ತದೆ. ಹಿಟ್ಟು ನೆನೆದು ಹುಳಿಯಾದಾಗ ಧಾನ್ಯದ್ದೇ ಆದ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಆ ಹಿಡಿತವನ್ನು ಒಡೆಯುತ್ತದೆ. ಆದ್ದರಿಂದ ಹಸಿ ಹಿಟ್ಟನ್ನು ನೇರ ಕುದಿಸಿದ ಗಂಜಿಗಿಂತ ರಾತ್ರಿ ಹುಳಿ ಬರಿಸಿದ ಅಂಬಲಿ ಮೇಲು. ಸುಣ್ಣದ ಅಂಶದಲ್ಲಿ ರಾಗಿಗೆ ಸಾಟಿಯಾದ ಧಾನ್ಯವಿಲ್ಲ, ನೂರು ಗ್ರಾಂಗೆ 340 ಮಿಲಿಗ್ರಾಂಗೂ ಹೆಚ್ಚು.

ಮಾಡುವ ಬಗೆ ಇದು. ರಾತ್ರಿ 30 ಗ್ರಾಂ, ಅಂದರೆ ಮೂರು ದೊಡ್ಡ ಚಮಚ ರಾಗಿಹಿಟ್ಟನ್ನು ಒಂದು ಲೋಟ ಕುಡಿಯುವ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ತೆಳು ಬಟ್ಟೆ ಮುಚ್ಚಿಡಿ. ಹಿಂದಿನ ದಿನದ ಹುಳಿಹಿಟ್ಟು ಒಂದು ಚಮಚ ಉಳಿಸಿಕೊಂಡಿದ್ದರೆ ಸೇರಿಸಿ. ಹುದುಗು ಬೇಗ ಹಿಡಿಯುತ್ತದೆ, ಕೆಟ್ಟ ಸೂಕ್ಷ್ಮಜೀವಿಗಳಿಗೆ ಜಾಗ ಸಿಗುವುದಿಲ್ಲ. ಬೇಸಿಗೆಯಲ್ಲಿ ಎಂಟು ಗಂಟೆ, ಚಳಿಯಲ್ಲಿ ಹನ್ನೆರಡು. ಬೆಳಿಗ್ಗೆ ಹಿತವಾದ ಹುಳಿವಾಸನೆ, ಅಲ್ಲಲ್ಲಿ ಸಣ್ಣ ಗುಳ್ಳೆ ಇರಬೇಕು. ಎರಡು ಲೋಟ ನೀರು ಕುದಿಸಿ, ಈ ಹಿಟ್ಟನ್ನು ಸುರಿಯುತ್ತಾ ಎಂಟು ಹತ್ತು ನಿಮಿಷ ಬಿಡದೆ ತಿರುವಿ. ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದರೆ ಬೆಂದಿದೆ ಎಂದರ್ಥ. ಕುದಿಸಿದಾಗ ಹುದುಗಿನ ಜೀವಿಗಳು ಸಾಯುತ್ತವೆ, ಅವು ಮಾಡಿಟ್ಟ ಕೆಲಸ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಮಜ್ಜಿಗೆ ಬೆರೆಸಿದರೆ ಜೀವಂತ ಬ್ಯಾಕ್ಟೀರಿಯಾಗಳೂ ಬಂದು ಸೇರುತ್ತವೆ. ಹಸಿ ಈರುಳ್ಳಿ, ಕೊತ್ತಂಬರಿ, ಜಜ್ಜಿದ ಹಸಿಮೆಣಸು, ಚಿಟಿಕೆ ಉಪ್ಪು. ಒಂದು ಸೂಕ್ಷ್ಮವಿದೆ: ಮಜ್ಜಿಗೆಯ ಸುಣ್ಣ ಕಬ್ಬಿಣದ ಹೀರಿಕೆಗೆ ಸ್ವಲ್ಪ ಅಡ್ಡ ಬರುತ್ತದೆ. ನಿಮಗೀಗ ಕಬ್ಬಿಣವೇ ಮುಖ್ಯವಾದ್ದರಿಂದ ವಾರದಲ್ಲಿ ಕೆಲವು ದಿನ ಮಜ್ಜಿಗೆ ಬಿಟ್ಟು, ಆರಿದ ಅಂಬಲಿಗೆ ಅರ್ಧ ನಿಂಬೆಹಣ್ಣು ಹಿಂಡಿ ಕುಡಿಯಿರಿ. ನಿಂಬೆಯ ಸಿ ಜೀವಸತ್ವ ಕಬ್ಬಿಣವನ್ನು ಕರುಳಿಗೆ ದಾಟಿಸುತ್ತದೆ.

ತಂಗಳನ್ನದ ನೀರಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಮೊಬೈಲ್‌ನಿಂದ ಮೊಬೈಲಿಗೆ ಒಂದು ಸಂದೇಶ ವರ್ಷಗಳಿಂದ ಸುತ್ತುತ್ತಿದೆ: ನೂರು ಗ್ರಾಂ ಅನ್ನದಲ್ಲಿ 3.4 ಮಿಲಿಗ್ರಾಂ ಇದ್ದ ಕಬ್ಬಿಣ ಹನ್ನೆರಡು ಗಂಟೆ ನೆನೆಸಿಟ್ಟರೆ 73.91 ಮಿಲಿಗ್ರಾಂ ಆಗುತ್ತದೆಯಂತೆ. ಕಬ್ಬಿಣ ಒಂದು ಮೂಲಧಾತು. ಅದನ್ನು ಯಾವ ಬ್ಯಾಕ್ಟೀರಿಯಾವೂ ಹುಟ್ಟಿಸಲಾರದು. ಪಾತ್ರೆಯಿಂದಲೋ ನೀರಿನಿಂದಲೋ ಬಂದು ಸೇರದಿದ್ದರೆ, ಗಂಗಾಳದಲ್ಲಿ ರಾತ್ರಿ ಇದ್ದಷ್ಟೇ ಕಬ್ಬಿಣ ಬೆಳಿಗ್ಗೆಯೂ ಇರುತ್ತದೆ. ಹೆಚ್ಚಾಗುವುದು ಅದರ ದಕ್ಕುವಿಕೆ ಮಾತ್ರ. ಈ ಒಂದು ಅಂಕಿಯನ್ನು ನಂಬಿ ಕಬ್ಬಿಣದ ಮಾತ್ರೆ ನಿಲ್ಲಿಸಿದ ಗರ್ಭಿಣಿಯರನ್ನು ನಾನು ನೋಡಿದ್ದೇನೆ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ತಂಗಳನ್ನ ತಿನ್ನುವುದಾದರೆ ಅನ್ನ ಆರಿದ ಕೂಡಲೇ ನೀರಲ್ಲಿ ಮುಳುಗಿಸಿ, ಬೆಳಿಗ್ಗೆಯೇ ಮುಗಿಸಿ. ಹೊರಗೆ ಬಹಳ ಹೊತ್ತು ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡಬಹುದು. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಪಾತ್ರೆಯ ವಿಷಯದಲ್ಲಿ ಹಳಬರ ಜಾಣ್ಮೆ ದೊಡ್ಡದು. ಹುಳಿ ಪದಾರ್ಥವನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಬಾರದೆಂದು ಅವರಿಗೆ ಗೊತ್ತಿತ್ತು. ಇಂದು ‘ತಾಮ್ರ ಒಳ್ಳೆಯದು’ ಎಂದು ಕೇಳಿ ಮಜ್ಜಿಗೆಯನ್ನೂ ತಾಮ್ರದ ಚೊಂಬಿಗೆ ಸುರಿಯುವವರಿದ್ದಾರೆ. ಹುಳಿಗೆ ಕರಗಿದ ತಾಮ್ರ ವಾಕರಿಕೆ, ಹೊಟ್ಟೆನೋವು ತರುತ್ತದೆ. ಮಣ್ಣು, ಗಾಜು, ಸ್ಟೀಲ್ ಸಾಕು. ಕಬ್ಬಿಣದ ಬಾಣಲೆಯಲ್ಲಿ ಹುಣಸೆ ಹಾಕಿದ ಗೊಜ್ಜು, ಟೊಮೆಟೊ ಸಾರು ಕುದಿಸುವುದು ಒಳ್ಳೆಯ ಅಭ್ಯಾಸ. ಹುಳಿ ಸ್ವಲ್ಪ ಕಬ್ಬಿಣವನ್ನು ಅಡುಗೆಗೆ ಇಳಿಸಿಕೊಳ್ಳುತ್ತದೆ.

ಮಾತ್ರೆಗಳ ದಾರಿ ಇಷ್ಟವಿಲ್ಲ ಎಂದಿದ್ದೀರಿ. ಆ ಅಸಮಾಧಾನ ನನಗೆ ಅರ್ಥವಾಗುತ್ತದೆ. ಕಾರಣ ಹೇಳದೆ ಚೀಟಿ ಬರೆದು ಕಳಿಸುವ ಪದ್ಧತಿಯಿಂದ ಬೇಸತ್ತವರೇ ಸಹಜ ಮಾರ್ಗ ಹುಡುಕುವುದು. ಆದರೆ ಪರೀಕ್ಷೆಯಲ್ಲಿ ಕಬ್ಬಿಣ ಬರಿದಾಗಿದೆ ಎಂದು ಬಂದರೆ ಕಬ್ಬಿಣದ ಮಾತ್ರೆ ತೆಗೆದುಕೊಳ್ಳಲೇಬೇಕು. ಅದು ದೇಹಕ್ಕೆ ಪರಕೀಯವಾದದ್ದಲ್ಲ. ಕಳೆದುಹೋದದ್ದೇ ಮರಳಿ ಬರುವುದು. ಖಾಲಿ ಹೊಟ್ಟೆಯಲ್ಲಿ ನಿಂಬೆ ಪಾನಕದ ಜೊತೆ ನುಂಗಿ. ಹಾಲು, ಮಜ್ಜಿಗೆ, ಚಹಾ, ಕಾಫಿಯಿಂದ ಎರಡು ಗಂಟೆ ದೂರವಿರಲಿ. ವಾಕರಿಕೆ ಬಂದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಿ. ಒಂದು ಮಾತ್ರೆಯ ನಂತರ ದೇಹ ಸುಮಾರು ಒಂದು ದಿನ ಕಬ್ಬಿಣದ ಬಾಗಿಲನ್ನು ಅರೆಮುಚ್ಚುತ್ತದೆ, ಆದ್ದರಿಂದ ಒಂದು ದಿನದ ಬಿಡುವಿನಲ್ಲಿ ಪ್ರತಿ ಮಾತ್ರೆಯೂ ಚೆನ್ನಾಗಿ ದಕ್ಕುತ್ತದೆ. ಮಲ ಕಪ್ಪಾದರೆ ಗಾಬರಿ ಬೇಡ. ಮಲಬದ್ಧತೆಯಾದರೆ ಅಲ್ಲಿ ನಿಮ್ಮ ಅತ್ತೆಯವರ ಅಂಬಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ: ನಾರು, ನೀರು, ಹುಳಿ ಮೂರೂ ಕರುಳನ್ನು ನಡೆಸುತ್ತವೆ. ಮಾತ್ರೆ ಬೆಳಿಗ್ಗೆ ಎದ್ದೊಡನೆ, ಅಂಬಲಿ ಹನ್ನೊಂದು ಗಂಟೆಗೆ ಎಂದು ಇಟ್ಟುಕೊಳ್ಳಿ.

ಅಶೋಕಾರಿಷ್ಟವೂ ಹುದುಗಿಸಿದ ಪಾನೀಯವೇ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಅಶೋಕದ ತೊಗಟೆಯ ಕಷಾಯಕ್ಕೆ ಬೆಲ್ಲ ಸೇರಿಸಿ, ಧಾತಕಿ ಹೂವು ಹಾಕಿ ವಾರಗಟ್ಟಲೆ ಮುಚ್ಚಿಡುತ್ತಾರೆ. ಹೂವಿನ ಜೊತೆ ಬಂದ ಯೀಸ್ಟ್ ಬೆಲ್ಲವನ್ನು ಆಲ್ಕೋಹಾಲ್ ಆಗಿಸುತ್ತದೆ. ಆ ಆಲ್ಕೋಹಾಲ್ ತೊಗಟೆಯ ಸಾರವನ್ನು ಹೊರತೆಗೆದು ಕೆಡದಂತೆ ಕಾಯುತ್ತದೆ. ಶತಮಾನಗಳ ಹಿಂದೆ ಕಂಡುಕೊಂಡ ಬಹಳ ಚತುರ ವಿಧಾನ ಅದು. ಬಾಟಲಿಯ ಮೇಲೆ ‘ಸ್ವಯಂ ಉತ್ಪನ್ನ ಆಲ್ಕೋಹಾಲ್’ ಎಂದು ಬರೆದಿರುವುದನ್ನು ಓದಿ. ಬೆಲ್ಲವೂ ಇರುವುದರಿಂದ ಸಕ್ಕರೆ ಕಾಯಿಲೆಯವರು ಎಚ್ಚರ ವಹಿಸಬೇಕು. ಕಾರಣ ತಿಳಿಯದ ಅತಿಸ್ರಾವಕ್ಕೆ ಇದನ್ನೇ ನೆಚ್ಚಿಕೊಳ್ಳುವಷ್ಟು ಗಟ್ಟಿಯಾದ ಪ್ರಯೋಗಗಳು ನಡೆದಿಲ್ಲ. ಮೇಲಾಗಿ ನಿಜವಾದ ಅಶೋಕ ಈಗ ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. ರಸ್ತೆ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ, ಹೆಸರಿಗಷ್ಟೇ ಅಶೋಕವಾದ ಬೇರೊಂದು ಮರದ ತೊಗಟೆ ಅದರ ಜಾಗದಲ್ಲಿ ಬೆರಕೆಯಾಗುವುದು ಗೊತ್ತಿರುವ ಸಂಗತಿ. ಆಯುರ್ವೇದದಲ್ಲಿ ನಿಮಗೆ ನಂಬಿಕೆಯಿದ್ದರೆ ಪದವಿ ಪಡೆದ ವೈದ್ಯರ ಬಳಿ ಸ್ಕ್ಯಾನ್ ವರದಿ ಹಿಡಿದು ಹೋಗಿ. ಒಳ್ಳೆಯ ವೈದ್ಯರು ಅದನ್ನು ಮೊದಲು ಕೇಳುತ್ತಾರೆ. ಮಗಳಿಗೆ ನೀವೇ ಅಳೆದು ಕುಡಿಸಬೇಡಿ.

ಮಗಳ ನೋವಿನ ಕಥೆ ನಿಮ್ಮದಕ್ಕಿಂತ ಭಿನ್ನ. ಸ್ರಾವ ಶುರುವಾಗುವ ಹೊತ್ತಿಗೆ ಗರ್ಭಕೋಶದ ಒಳಪದರ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ, ರಕ್ತ ಹರಿಯುವುದನ್ನು ತಡೆಯುತ್ತದೆ, ನೋವಾಗುತ್ತದೆ. ಪಕ್ಕದ ಕರುಳಿಗೂ ಇದರ ಬಿಸಿ ತಟ್ಟುವುದರಿಂದ ಮೊದಲ ದಿನ ಹಲವರಿಗೆ ಭೇದಿಯಾಗುತ್ತದೆ, ವಾಂತಿಯೂ ಬರುತ್ತದೆ. ಅಂತಹ ದಿನ ಗಾಳಿ ತುಂಬಿದ ಹುಳಿ ಪಾನೀಯ ಕೊಟ್ಟರೆ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ತೆಳು ಮಜ್ಜಿಗೆ, ಜೀರಿಗೆ ಕಷಾಯ ಸಾಕು.

ಇಲ್ಲಿ ಸಹಜ ಉಪಾಯಗಳಿಗೆ ಒಳ್ಳೆಯ ಬೆಂಬಲವಿದೆ ಎಂದು ಸಂತೋಷದಿಂದಲೇ ಹೇಳುತ್ತೇನೆ. ಮೊದಲನೆಯದು ಶಾಖ. ಕಿಬ್ಬೊಟ್ಟೆಗೆ ಗಂಟೆಗಟ್ಟಲೆ ಹದವಾದ ಶಾಖ ಕೊಟ್ಟರೆ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿಯುತ್ತದೆ ಎಂದು 2001ರಲ್ಲಿ ನಡೆದ ಪ್ರಯೋಗವೊಂದು ತೋರಿಸಿತು. ಅಲ್ಲಿ ಬಳಸಿದ್ದು ಸುಮಾರು 39 ಡಿಗ್ರಿ, ಮೈಯ ಬಿಸಿಗಿಂತ ಸ್ವಲ್ಪವೇ ಹೆಚ್ಚು. ಚರ್ಮ ಕೆಂಪಾಗುವಂತೆ ಸುಡಬೇಕಿಲ್ಲ. ಬಿಸಿನೀರಿನ ಚೀಲ ಸಾಕು, ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿದ ಗಂಟೂ ಸಾಕು. ಎರಡನೆಯದು ಶುಂಠಿ. ಮೊದಲ ಮೂರು ದಿನ, ದಿನಕ್ಕೆ ಮೂರು ಬಾರಿ ಕಾಲು ಚಮಚ ಒಣಶುಂಠಿ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಬೆಲ್ಲ ಹಾಕಿ ಕೊಡಿ. ಹಲವು ಪ್ರಯೋಗಗಳಲ್ಲಿ ಇದರ ಫಲ ಕಂಡಿದೆ. ರಕ್ತ ತೆಳುಗೊಳಿಸುವ ಔಷಧ ತೆಗೆದುಕೊಳ್ಳುವವರಿಗೆ ಮಾತ್ರ ಬೇಡ. ಮೂರನೆಯದು ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಮೈ ಬಗ್ಗಿಸುವುದು. ಯೋಗ, ಓಟ, ಕುಣಿತ ಯಾವುದಾದರೂ ಸರಿ, ಮುಟ್ಟಿಲ್ಲದ ದಿನಗಳಲ್ಲೂ ಮಾಡಬೇಕು. ಹುಡುಗಿ ದೊಡ್ಡವಳಾದಾಗ ನಮ್ಮ ಹಿರಿಯರು ತಿನ್ನಿಸುತ್ತಿದ್ದ ಎಳ್ಳಿನ ಚಿಗಳಿ, ಕೊಬ್ಬರಿ ಬೆಲ್ಲ ನೋವಿಗೆ ಔಷಧವಲ್ಲ, ಬೆಳೆಯುವ ಮೈಗೆ ಒಳ್ಳೆಯ ತಿನಿಸು. ಅದನ್ನು ಆ ಒಂದು ವಾರಕ್ಕೆ ನಿಲ್ಲಿಸಿದ್ದೇಕೋ! ವರ್ಷವಿಡೀ ಕೊಡಿ.

ಇಷ್ಟಾದರೂ ಅವಳು ಶಾಲೆ ತಪ್ಪಿಸುತ್ತಿದ್ದರೆ ಐಬುಪ್ರೊಫೆನ್ ಅಥವಾ ಮೆಫೆನಾಮಿಕ್ ಆಮ್ಲ ಕೊಡಲು ಹಿಂಜರಿಯಬೇಡಿ, ಪ್ರಮಾಣವನ್ನು ವೈದ್ಯರಿಂದ ಕೇಳಿಕೊಳ್ಳಿ. ಈ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಆದ್ದರಿಂದ ನೋವು ತುದಿಗೇರಿದ ಮೇಲೆ ನುಂಗಿದರೆ ಅರ್ಧ ಫಲ. ಮುಟ್ಟಿನ ಸೂಚನೆ ಸಿಕ್ಕೊಡನೆ, ಹೊಟ್ಟೆಗೆ ಏನಾದರೂ ತಿಂದು ತೆಗೆದುಕೊಂಡರೆ ಪೂರ್ಣ ಫಲ. ‘ತಡೆಯಲಾರದಷ್ಟಾದರೆ ಮಾತ್ರ ಕೊಡುತ್ತೇವೆ’ ಎಂಬ ತಾಯಂದಿರ ಕಟ್ಟುಪಾಡು ಮಕ್ಕಳಿಗೆ ಎರಡು ಬಗೆಯಲ್ಲಿ ಅನ್ಯಾಯ ಮಾಡುತ್ತದೆ: ನೋವೂ ಉಳಿಯುತ್ತದೆ, ಮಾತ್ರೆಯೂ ಒಳಗೆ ಹೋಗುತ್ತದೆ. ಆಸ್ತಮಾ, ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇದ್ದವರಿಗೆ ಇವು ಸಲ್ಲವು. 2023ರ ಕೊನೆಯಲ್ಲಿ ಭಾರತೀಯ ಔಷಧಸಂಹಿತೆ ಆಯೋಗ ಮೆಫೆನಾಮಿಕ್ ಆಮ್ಲದಿಂದ ಅಪರೂಪಕ್ಕೆ ಆಗುವ ತೀವ್ರ ಅಲರ್ಜಿಯ ಬಗ್ಗೆ ಎಚ್ಚರಿಸಿತ್ತು. ಮಾತ್ರೆ ತೆಗೆದುಕೊಂಡ ದಿನಗಳಲ್ಲಿ ಅಥವಾ ನಂತರದ ಕೆಲವು ವಾರಗಳಲ್ಲಿ ಮೈಮೇಲೆ ಗಂಧೆ, ಜ್ವರ, ಮುಖ ಊತ ಕಂಡರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಮಾತ್ರೆಗೂ ಬಗ್ಗದ ನೋವು, ಮುಟ್ಟಿಲ್ಲದ ದಿನಗಳಲ್ಲೂ ಕಾಡುವ ನೋವು, ಮಲ ಮೂತ್ರ ವಿಸರ್ಜಿಸುವಾಗ ಚುಚ್ಚುವ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂತಹ ಪದರ ಅದರ ಹೊರಗೂ ಬೆಳೆಯುವ ಕಾಯಿಲೆ, ಇರಬಹುದು. ಹೆರುವ ವಯಸ್ಸಿನ ಹತ್ತು ಮಹಿಳೆಯರಲ್ಲಿ ಒಬ್ಬರಿಗೆ ಇದಿದೆ, ಹೆಚ್ಚಿನವರಲ್ಲಿ ಪತ್ತೆಯಾಗಲು ವರ್ಷಗಳೇ ಬೇಕಾಗುತ್ತವೆ. ಸ್ಕ್ಯಾನ್ ಸರಿಯಿದೆ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಮಹಿಳೆಯರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಾನು ಮನಸಾರೆ ಸಂತೋಷಪಟ್ಟೆ. ಆದರೆ ಪ್ರತಿ ತಿಂಗಳೂ ರಜೆ ಬೇಕಾಗುವಷ್ಟು ನೋವಿದ್ದರೆ ಅದರ ಕಾರಣವನ್ನೂ ಹುಡುಕಬೇಕು. ಅವಳಿಗೂ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಅವಳ ಸ್ರಾವವೂ ಮೊದಲ ಮುಟ್ಟಿನಿಂದಲೇ ಹೆಚ್ಚಿದ್ದರೆ, ಮೂಗು, ಹಲ್ಲಿನ ವಸಡಿನಿಂದ ರಕ್ತ ಬರುವ ಅಭ್ಯಾಸವಿದ್ದರೆ ರಕ್ತ ಹೆಪ್ಪುಗಟ್ಟುವ ದೋಷವಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣ ಮಾತ್ರೆಯನ್ನು ಅವಳು ನುಂಗುತ್ತಾಳೋ ಚೀಲದಲ್ಲಿಟ್ಟು ತರುತ್ತಾಳೋ, ಶಿಕ್ಷಕಿಯಾದ ನಿಮಗೆ ನಾನು ಹೇಳಬೇಕಿಲ್ಲ.

ಇತ್ತೀಚೆಗೆ ಕೆಲವರು ಹುಳಿ ಮಜ್ಜಿಗೆ, ವಿನೆಗರ್, ಕೊಂಬುಚಾವನ್ನು ಗುಪ್ತಾಂಗದ ಒಳಗೆ ತೊಳೆಯಲು ಬಳಸುತ್ತಿದ್ದಾರೆ, ‘ಒಳ್ಳೆಯ ಬ್ಯಾಕ್ಟೀರಿಯಾ’ ಸೇರಲಿ ಎಂದು. ದಯವಿಟ್ಟು ಬೇಡ. ಯೋನಿಯಲ್ಲಿ ಅದರದೇ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಹುಳಿಯನ್ನು ಕಾಯ್ದುಕೊಂಡಿರುತ್ತವೆ. ಹೊರಗಿನಿಂದ ಏನನ್ನು ಸುರಿದರೂ ಆ ಕಾವಲು ಕೆಡುತ್ತದೆ, ಸೋಂಕು ಹೆಚ್ಚುತ್ತದೆ. ಹೊರಭಾಗಕ್ಕೆ ಬರಿ ನೀರು ಸಾಕು.

ಕೊನೆಗೆ ಭರಣಿ ಮುಟ್ಟುವ ಪ್ರಶ್ನೆ. ಮುಟ್ಟಾದವರು ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆ, ಮೊಸರು ಒಡೆಯುತ್ತದೆ ಎಂಬ ನಂಬಿಕೆ ನಮ್ಮ ದೇಶದ್ದು ಮಾತ್ರವಲ್ಲ. 1920ರಲ್ಲಿ ವಿಯೆನ್ನಾದ ಪ್ರಸಿದ್ಧ ವೈದ್ಯ ಬೇಲಾ ಶಿಕ್, ಮುಟ್ಟಾದ ಕೆಲಸದಾಕೆ ಹಿಡಿದ ಹೂಗಳು ಬಾಡಿದವೆಂದು ನೋಡಿ, ಮುಟ್ಟಾದವರ ಬೆವರಿನಲ್ಲಿ ವಿಷವಿದೆ ಎಂದು ಬರೆದುಬಿಟ್ಟರು. ಅದಕ್ಕೆ ವಿಜ್ಞಾನದ ಹೆಸರಿನಲ್ಲಿ ದಶಕಗಳ ಕಾಲ ಚರ್ಚೆ ನಡೆಯಿತು. ಅಂತಹ ವಿಷವನ್ನು ಯಾರೂ ಬೇರ್ಪಡಿಸಿ ತೋರಿಸಲಿಲ್ಲ. ಹುದುಗಿನ ಬ್ಯಾಕ್ಟೀರಿಯಾಗಳಿಗೆ ಗೊತ್ತಾಗುವುದು ಉಪ್ಪು, ಸಕ್ಕರೆ, ಹುಳಿ, ಬಿಸಿ, ಗಾಳಿ ಇಷ್ಟೇ. ಕೈಯನ್ನು ಸೋಪಿನಿಂದ ತೊಳೆದು, ಒಣಗಿದ ಸೌಟು ಬಳಸಿ, ಅಂಬಲಿಯ ಹಿಟ್ಟನ್ನು ನೀವೂ ಕಲಸಿ, ಮಗಳ ಕೈಯಲ್ಲೂ ಕಲಸಿಸಿ, ತಿಂಗಳ ಯಾವ ದಿನವಾದರೂ ಸರಿ. ರಕ್ತ ಪರೀಕ್ಷೆಯ ವರದಿ ಮತ್ತು ಮುಂದಿನ ಎರಡು ಮುಟ್ಟುಗಳ ಪ್ಯಾಡ್ ಲೆಕ್ಕ ಕೈಗೆ ಬಂದಾಗ ಮತ್ತೆ ಬರೆಯಿರಿ. ಹಿಮೋಗ್ಲೋಬಿನ್ 8ಕ್ಕಿಂತ ಕೆಳಗಿದ್ದರೆ, ಸುಮ್ಮನೆ ಕೂತಾಗಲೂ ಎದೆ ಹೊಡೆದುಕೊಂಡರೆ ಅಥವಾ ಗಂಟೆಗೊಂದು ಪ್ಯಾಡ್ ನೆನೆಯುವಂತಾದರೆ ನನ್ನ ಉತ್ತರಕ್ಕೆ ಕಾಯಬೇಡಿ, ಅಂದೇ ಹತ್ತಿರದ ಆಸ್ಪತ್ರೆಗೆ ಹೋಗಿ.